ಒಣ ಕಲ್ಲಿನ ಕೆಂಪು

‘ಕಲ್ಲು ಪಾಲಿಶ್ ಮಾಡೋರ ಮನಿ ಹುಡುಗಿಗೆ ತತ್ವಶಾಸ್ತ್ರ ತಲಿಗೆ ಹತ್ತಂಗಿಲ್ಲ. ನೀ ಪಾಸಾಗೂದು ಆಗದ ಮಾತು, ಬ್ಯಾರೆ ವಿಷಯ ತಗೋ’ ಎಂದವರು ತತ್ವಶಾಸ್ತ್ರ ಕಲಿಸಬೇಕಾದ ಸರ್ ಅವರೇ. ಬಾಗಲಕೋಟೆಯ ಕಾಲೇಜಿಗೆ ಸೇರಿದ ಮೊದಲ ದಿನ, ಫಾರಂ ಇನ್ನೂ ನನ್ನ ಕೈಯಲ್ಲೇ ಇತ್ತು. ಅದೇ ವಿಷಯ ಬರೆದು ಕೊಟ್ಟೆ. ನಮ್ಮ ಮನೆಯಲ್ಲಿ ಏಳನೆಯ ಇಯತ್ತೆ ದಾಟಿದವರು ಯಾರೂ ಇರಲಿಲ್ಲ. ಇಳಕಲ್‌ನಿಂದ ಹುನಗುಂದದ ಮೇಲಿಂದ ದಿನಾ ಬಸ್ಸಿನಲ್ಲಿ ನಿಂತು ಬರುತ್ತಿದ್ದವಳಿಗೆ ಯಾರದೋ ಬಾಯಿಮಾತಿಗೆ ಹೆದರಿ ಕೂರಲು ಪುರಸೊತ್ತಿರಲಿಲ್ಲ.

ಒಂದು ದಿನ ಪಾಠ ದ್ರವ್ಯದ ಬಗ್ಗೆ. ಬಣ್ಣ, ಗಟ್ಟಿತನ ಇವೆಲ್ಲ ಗುಣಗಳು. ಅವನ್ನು ಹೊತ್ತು ನಿಂತದ್ದು ದ್ರವ್ಯ. ‘ನಮ್ಮ ಇಳಕಲ್ ಕಲ್ಲು ತಗೊಳ್ರಿ, ಕೆಂಪು ಅದರ ಗುಣ’ ಎಂದರು ಸರ್.

ನನಗೆ ಸುಮ್ಮನಿರಲು ಆಗಲಿಲ್ಲ. ಗಣಿಯಿಂದ ಬಂದ ಕಲ್ಲು ಬೂದಿ ಬಣ್ಣಕ್ಕಿರುತ್ತದೆ. ಕೊಳ್ಳುವವರು ಬಂದಾಗ ಅಪ್ಪ ಅದರ ಮೇಲೆ ಒಂದು ಕೊಡ ನೀರು ಸುರುವುತ್ತಾನೆ, ಕೆಂಪು ಎದ್ದು ಬರುತ್ತದೆ. ಆರಿದರೆ ಮತ್ತೆ ಬೂದಿ.

‘ಸರ್, ಒಣಾ ಕಲ್ಲು ಕೆಂಪು ಕಾಣಂಗಿಲ್ರಿ. ನೀರು ಹಾಕಿದ್ರ ಕಾಣ್ತೈತಿ. ಕಲ್ಲಂತೂ ಅದ ಕಲ್ಲು. ಹಂಗಾದ್ರ ಕೆಂಪು ಎಲ್ಲಿರ್ತೈತ್ರಿ?’

‘ನೀರು ಹಾಕೂದು ನಿಮ್ಮಪ್ಪನ ಕೆಲಸ. ಇಲ್ಲಿ ವಿಚಾರ ಮಾಡೂದು ಕೆಲಸ. ಕೂಡ್ರು.’

ಇಡೀ ಕ್ಲಾಸು ನಕ್ಕಿತು. ಆ ನಗು ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ. ಅಂದಿನಿಂದ ಸೆಮಿನಾರಿಗೆ ಸರ್ ನನ್ನನ್ನು ಕರೆಯಲೇ ಇಲ್ಲ. ಅದರ ಅಂಕದ ಜಾಗದಲ್ಲಿ ಸೊನ್ನೆ. ಉಳಿದದ್ದು ಕೊನೆಯ ಪರೀಕ್ಷೆಯೊಂದೇ. ಅದರಲ್ಲಿ ನಪಾಸಾದರೆ ಪದವಿಯೇ ಇಲ್ಲ.

ಅಪ್ಪ ಊಟಕ್ಕೆ ಕೂತಾಗ ಕೇಳಿದೆ: ‘ಅಪ್ಪಾ, ಕೆಂಪು ಎಲ್ಲಿರ್ತೈತಿ?’

‘ಯಾವ ಕೆಂಪು? ಈ ಚಟ್ನಿದೇನು?’

ಕ್ಲಾಸಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಮರುದಿನ ಅಪ್ಪ ತಾನು ಕೆಲಸ ಮಾಡುವ ಕಾರ್ಖಾನೆಗೆ ಕರೆದುಕೊಂಡು ಹೋದ. ಎರಡು ಕಲ್ಲಿಗೆ ಸುತ್ತಿಗೆಯಿಂದ ಬಡಿದ. ಒಂದು ಕಲ್ಲು ಗುಡಿಯ ಗಂಟೆಯ ಹಾಗೆ ಠಣ್ಣೆಂದಿತು, ಇನ್ನೊಂದು ಬೊದ್ದೆಂದಿತು. ‘ಇದು ಒಳಗ ಒಡದೈತಿ ನೋಡು’ ಎಂದ. ಎಷ್ಟು ಹುಡುಕಿದರೂ ನನಗೆ ಬಿರುಕು ಕಾಣಲಿಲ್ಲ. ‘ಕಾಣಂಗಿಲ್ಲ ಅಂತ ಇಲ್ಲ ಅಂತೀಯೇನ ಹುಚ್ಚಿ? ಕೊಯ್ಯೂವಾಗ ಗೊತ್ತಾಗ್ತೈತಿ.’

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು: ದ್ರವ್ಯ ಮತ್ತು ಇಂದ್ರಿಯಗ್ರಹಿಕೆ. ಗ್ರಹಿಕೆಗೆ ಬಾರದ ವಸ್ತುವೇ ಇಲ್ಲವೆನ್ನುವವರ ವಾದವನ್ನು ಮೊದಲು ನ್ಯಾಯವಾಗಿಯೇ ಬರೆದೆ. ಆಮೇಲೆ ನನ್ನದು. ಕಣ್ಣಿಗೆ ಸಿಗುವ ಕಲ್ಲು ಬೇರೆ, ಕಿವಿಗೆ ಸಿಗುವ ಕಲ್ಲು ಬೇರೆ. ಪೂರಾ ಕಲ್ಲು ಯಾವ ಇಂದ್ರಿಯಕ್ಕೂ ಸಿಗುವುದಿಲ್ಲ. ಆದರೆ ಯಾರೂ ನೋಡದಿದ್ದಾಗಲೂ ಕಲ್ಲು ಬೀಳುತ್ತದೆ. ನಮ್ಮಪ್ಪನ ಎಡಗಾಲಿನ ಹೆಬ್ಬೆರಳು ಜಜ್ಜಿಹೋದಾಗ ಅವನು ಬೇರೆ ಕಡೆ ನೋಡುತ್ತಿದ್ದ. ತತ್ವಶಾಸ್ತ್ರದ ಪುಸ್ತಕಗಳು ಉದಾಹರಣೆಗೆ ಕೊಡುವ ಮೇಜು ಯಾವಾಗಲೂ ತಯಾರಾಗಿಯೇ ಇರುತ್ತದೆ, ಅದನ್ನು ಹೊತ್ತು ತಂದವನು ಮಾತ್ರ ಯಾವ ಪುಟದಲ್ಲೂ ಇಲ್ಲ ಎಂದೂ ಬರೆದೆ. ಪೆನ್ನು ಒತ್ತಿದ ರಭಸಕ್ಕೆ ಹಾಳೆ ಹರಿಯಿತು. ಆ ಉತ್ತರಪತ್ರಿಕೆ ಬೇರೆ ಊರಿಗೆ, ನನ್ನ ಮುಖ ನೋಡದವರ ಕೈಗೆ ಹೋಯಿತು. ಪಾಸಾದೆ. ಆ ಪತ್ರಿಕೆಯಲ್ಲಿ ಕ್ಲಾಸಿಗೇ ನನ್ನವೇ ಹೆಚ್ಚು ಅಂಕ.

ಪ್ರಮಾಣಪತ್ರ ಹಂಚಿದವರು ಅದೇ ಸರ್. ಅಪ್ಪ ಕೆಲಸಕ್ಕೆ ರಜೆ ಹಾಕಿ ಬಂದಿದ್ದ. ನನ್ನ ಕೈಗೆ ಕಾಗದ ಕೊಡುತ್ತ ಸರ್ ಅವನತ್ತ ನೋಡಿ ನಕ್ಕರು: ‘ನಿನ್ನ ಮಗಳು ಭಾಳ ಶ್ಯಾಣ್ಯಾಕಿ ಆದಳಲ್ಲಪಾ!’

ಅಪ್ಪ ನಗಲಿಲ್ಲ. ‘ಆಗಿದ್ದಲ್ರಿ ಸರ, ಮೊದಲಿಂದನೂ ಶ್ಯಾಣ್ಯಾಕಿನ ಇದ್ದಳು. ನಿಮಗ ಈಗ ಕಂಡೈತಿ, ಅಷ್ಟ.’