ಕಾಪಿ ಇದೆ

ಇವತ್ತು ಬೆಳಿಗ್ಗೆ ಸೇಡಂ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಸುಸಲಾ ತಿನ್ನುತ್ತಿದ್ದೆ. ಪಕ್ಕದ ಟೇಬಲ್ಲಿನಲ್ಲಿದ್ದ ಹೊಸ ವರದಿಗಾರನೊಬ್ಬ ಫೋನಿನಲ್ಲಿ, “ಫೋಟೊ ಹಾಕೀನ್ರಿ ಸರ್, ಕಾಪಿ ಅದ, ಜಾಗ ಇಡ್ರಿ” ಅಂದ. ಅಷ್ಟಕ್ಕೇ ನನ್ನ ಮೈ ಉರಿದುಹೋಯಿತು. ಅವನ ತಪ್ಪೇನೂ ಇಲ್ಲ ಬಿಡಿ. ಆದರೂ ಎದ್ದು ಹೋಗಿ ಆ ಫೋನ್ ಕಸಿದುಕೊಳ್ಳಬೇಕು ಅನ್ನಿಸಿತು.

ಈ ಕಾಪಿ ಎಂಬ ಶಬ್ದ ನೋಡಿ. ನಾವು ಬರೆದು ಕಳಿಸುವ ಸುದ್ದಿ ಕಾಪಿ. ಅದು ಅಚ್ಚಾಗಿ ಬಂದ ಒಂದೊಂದು ಪತ್ರಿಕೆಯೂ ಕಾಪಿ. ಬೇರೆಯವನು ನಮ್ಮ ಸುದ್ದಿ ಕದ್ದರೆ ಅದೂ ಕಾಪಿ. ನಾವು ಕದ್ದರೆ ಮಾತ್ರ ‘ಮಾಹಿತಿ ಪಡೆದದ್ದು’. ಪತ್ರಿಕೆಯ ಹೊರಗೆ, ವಾಡಿಯಿಂದ ಚಿಂಚೋಳಿಯವರೆಗೆ ಯಾರನ್ನೇ ಕೇಳಿ, ಕಾಪಿ ಅಂದರೆ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಬರೆಯುವುದು. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಇಂಗ್ಲಿಷ್ ಶಬ್ದ ಬಳಸಿದರೆ ದೊಡ್ಡ ಪತ್ರಕರ್ತನಾದೆ ಎಂಬ ಧಿಮಾಕು.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಚಿಂಚೋಳಿಯ ವರದಿಗಾರ. ಹತ್ತನೇ ತರಗತಿಯ ಫಲಿತಾಂಶ ಬಂದಿತ್ತು. ಐನಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವ ಶರಣಪ್ಪನ ಮಗಳು ಮಹಾನಂದಾ ತಾಲ್ಲೂಕಿಗೇ ಮೊದಲು ಬಂದಿದ್ದಳು. ಓಡಿಹೋಗಿ ಫೋಟೊ ತೆಗೆದೆ. ಪುಟ ಕಟ್ಟುವ ಕಲಬುರಗಿಯ ಡೆಸ್ಕಿಗೆ ಅದನ್ನು ಕಳಿಸಿ, ಕೆಳಗೆ ಬರೆದೆ: ‘ಮಹಾನಂದಾ, ಐನಾಪುರ, ಹತ್ತನೇ ಪರೀಕ್ಷೆ. ಕಾಪಿ ಇದೆ.’ ನಮ್ಮ ಭಾಷೆಯಲ್ಲಿ, ಸುದ್ದಿ ಬರುತ್ತಿದೆ, ಜಾಗ ಬಿಡಿ ಎಂದರ್ಥ. ಸುದ್ದಿಯನ್ನೂ ಬರೆದು ಕಳಿಸಿದೆ. ಆದರೆ ದಾರಿಯಲ್ಲಿ ನೆಟ್‌ವರ್ಕ್ ಕೈಕೊಟ್ಟು, ಪುಟ ಮುಗಿದ ಮೇಲೆ ಅದು ಮುಟ್ಟಿತು.

ಡೆಸ್ಕಿನಲ್ಲಿ ಅಂದು ಪರೀಕ್ಷಾ ಅಕ್ರಮದ ಬಗ್ಗೆ ಒಂದು ಲೇಖನ ತಯಾರಾಗುತ್ತಿತ್ತಂತೆ. ಹೊಸಬನೊಬ್ಬ ನನ್ನ ಟಿಪ್ಪಣಿ ಓದಿ ತನಗೆ ತಿಳಿದಂತೆ ಅರ್ಥ ಮಾಡಿಕೊಂಡ. ಮರುದಿನ ‘ತಾಲ್ಲೂಕಿನಲ್ಲಿ ಕಾಪಿ ಹಾವಳಿ’ ಎಂಬ ಶೀರ್ಷಿಕೆಯ ಕೆಳಗೆ ನಗುತ್ತಿರುವ ಮಹಾನಂದಾ, ಹೆಸರು ಊರಿನ ಸಮೇತ.

ಫೋನ್ ಮಾಡಿ ಕೂಗಾಡಿದೆ. “ಇರ್ಲಿ ಬಿಡ್ರಿ, ನಾಳಿಗಿ ಎರಡು ಲೈನ್ ತಿದ್ದುಪಡಿ ಹಾಕಿದ್ರ ಮುಗೀತು” ಅಂದರು ಡೆಸ್ಕಿನ ಹಿರಿಯರು. ಹಾಕಿದರು, ಒಳಪುಟದಲ್ಲಿ, ಟೆಂಡರ್ ಪ್ರಕಟಣೆಯ ಕೆಳಗೆ: ‘ನಿನ್ನೆಯ ಚಿತ್ರ ಕಣ್ತಪ್ಪಿನಿಂದ ಪ್ರಕಟವಾಗಿದೆ, ವಿಷಾದಿಸುತ್ತೇವೆ.’ ಯಾವ ಚಿತ್ರ? ಯಾರ ಚಿತ್ರ? ಮಾನ ತೆಗೆಯುವಾಗ ಹೆಸರು ಬೇಕು, ಮಾನ ಹಿಂದಿರುಗಿಸುವಾಗ ಬೇಡ! ನೆನೆಸಿಕೊಂಡರೆ ಈಗಲೂ ಹಲ್ಲು ಕಡಿಯುತ್ತೇನೆ.

ಐನಾಪುರಕ್ಕೆ ಹೋದೆ. ಗಿರಣಿಯ ಮೂಲೆಯಲ್ಲಿ ಪತ್ರಿಕೆಗಳ ಕಟ್ಟು ಬಿದ್ದಿತ್ತು. “ಊರಿಗಿ ಬಂದ ಅಷ್ಟೂ ಕಾಪಿ ನಾನೇ ತೊಗೊಂಡೀನ್ರಿ, ಯಾರೂ ಓದಬಾರ್ದಂತ” ಅಂದ ಶರಣಪ್ಪ. ಪಾಪ, ಅಷ್ಟರಲ್ಲಿ ಆ ಪುಟ ಊರಿನ ಎಲ್ಲ ಮೊಬೈಲುಗಳಲ್ಲಿತ್ತು. ಹಿಟ್ಟು ಬೀಸಿಸಲು ಬಂದ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಮಹಾನಂದಾ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಅಳಲಿಲ್ಲ. “ಕಾಲೇಜಿನಾಗ ಸೀಟ್ ಕೇಳಾಕ ಹೋದ್ರ, ಪೇಪರ್‌ನಾಗ ಬಂದಾಕಿ ನೀನೇ ಏನು ಅಂತ ನಗಾಕತ್ತಾರ್ರಿ. ನಾ ಏನ್ ತೋರಿಸ್ಲಿ? ತಡೀರಿ, ಕಾಪಿ ತರ್ತೀನಿ” ಎಂದು ಒಳಗೆ ಹೋದಳು. ನಮ್ಮ ಕಡೆ ಮಕ್ಕಳು ನೋಟ್‌ಬುಕ್ಕಿಗೂ ಕಾಪಿ ಅನ್ನುತ್ತಾರೆ. ತಂದು ನನ್ನ ಮುಂದಿಟ್ಟು, “ಬರೀರಿ” ಅಂದಳು.

ನಾನು ಪಂಡಿತನಂತೆ, ‘ಕಣ್ತಪ್ಪಿನಿಂದಾದ ಪ್ರಮಾದಕ್ಕೆ’ ಎಂದು ಶುರು ಮಾಡಿದೆ.

“ಪ್ರಮಾದ ಯಾಕ್ರಿ? ಕಣ್ಣಿಂದು ಅಲ್ಲ, ನಿಮ್ದು ತಪ್ಪು. ಹಂಗೇ ಬರೀರಿ.”

ಹೊಡೆದುಹಾಕಿ ಬರೆದೆ. ಸಹಿ ಮಾಡಿದೆ. ಅವಳು ಎರಡು ಸಲ ಓದಿ, “ತಾರೀಖು?” ಅಂದಳು. ಅದನ್ನೂ ಹಾಕಿದೆ. ನನ್ನ ಬರಹವನ್ನು ಅಷ್ಟು ಸರಿಯಾಗಿ ತಿದ್ದಿದವರು ಮತ್ತೆ ಯಾರೂ ಸಿಗಲಿಲ್ಲ.

ಆ ಕೈಬರಹ ತೋರಿಸಿ ಅವಳು ಎಲ್ಲಿ ಎಷ್ಟು ಸಲ ನಿಂತಳೋ, ಎಷ್ಟು ಜನ ನಂಬಿದರೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಪತ್ರಿಕೆ ಇಂದಿಗೂ ಅಚ್ಚು ಮಾಡಿಲ್ಲ. ಹಾಗಾಗಿ ನಾನೇ ಮಾಡುತ್ತಿದ್ದೇನೆ, ಓದಿಕೊಳ್ಳಿ: ಐನಾಪುರದ ಮಹಾನಂದಾ ಕಾಪಿ ಹೊಡೆದಿರಲಿಲ್ಲ. ಅವಳು ಓದಿ ಮೊದಲು ಬಂದವಳು. ತಪ್ಪು ನನ್ನದು.