ಎರಡು ಸೀಟಿನ ಕಾರಿನಲ್ಲಿ ಹಿಮದ ಘಾಟಿ

2004ರ ಆಗಸ್ಟ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಆರೂ ಮುಕ್ಕಾಲಿಗೆ ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿರುವ ನಮ್ಮ ಮನೆಯಿಂದ ಮೆಲ್ಬರ್ನ್‌ಗೆ ಹೊರಟೆವು. ಹೊರಗೆ ನಾಲ್ಕು ಡಿಗ್ರಿ ಇತ್ತು. ಕಾರಿನಲ್ಲಿ ನಾನು, ನಮ್ಮವರು, ಎರಡು ಕೈಚೀಲ, ಒಂದು ಫ್ಲಾಸ್ಕ್ ಕಾಫಿ, ಪುಳಿಯೋಗರೆ, ಮೊಸರನ್ನ. ಡಿಕ್ಕಿಯಲ್ಲಿ ಮಗಳಿಗೆಂದು ಇಪ್ಪತ್ತು ಕಿಲೋ ಕುಚ್ಚಲಕ್ಕಿ. ಅದಕ್ಕಿಂತ ಹೆಚ್ಚಿಗೆ ಹಿಡಿಯುವ ಕಾರಲ್ಲ ಅದು. ಎರಡೇ ಸೀಟು, ಕೆಂಪು ಬಣ್ಣ, ಹತ್ತುವಾಗ ಮಣೆಯ ಮೇಲೆ ಕೂತಂತೆ ಬಗ್ಗಿ ಕೂರಬೇಕು.

ಮೆಲ್ಬರ್ನ್‌ಗೆ ನೇರ ಹೆದ್ದಾರಿಯಲ್ಲಿ ಹೋದರೆ ಎಂಟುನೂರ ಎಪ್ಪತ್ತು ಕಿಲೋಮೀಟರ್, ಒಂದು ದಿನದ ದಾರಿ. ಆದರೆ ನಮ್ಮವರಿಗೆ ಬೆಟ್ಟದ ಮೇಲಿನ ಹಿಮದ ದಾರಿಯಲ್ಲಿ ಒಮ್ಮೆ ಆ ಕಾರನ್ನು ಓಡಿಸಬೇಕೆಂಬ ಆಸೆ. ಮಗಳು ಸ್ಮಿತಾ ಕೆಲಸ ಸಿಕ್ಕಿ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ಗೆ ಹೋದ ವರ್ಷವೇ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದದ್ದು ಅದು. ತಂದ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಸ್ಟೀರಿಂಗಿಗೆ ಕುಂಕುಮ ಹಚ್ಚಿ ಪೂಜೆ ಮಾಡಿದ್ದೆವು. ಅಂದಿನಿಂದ ಇವರು ಆ ಕಾರಿಗೆ ಚಪ್ಪಲಿ ಹಾಕಿಕೊಂಡು ಹತ್ತಿದವರಲ್ಲ. ಬೂಟು ಬಿಚ್ಚಿ, ಸೀಟಿನ ಹಿಂದೆ ಪೇಪರಿನ ಮೇಲಿಟ್ಟು, ಬರಿಗಾಲಲ್ಲೇ ಓಡಿಸುವುದು. ಚಳಿಗಾಲದಲ್ಲಿ ಒಂದು ತೆಳು ಕಾಲುಚೀಲ, ಅಷ್ಟೆ.

ಆ ಕಾಲಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇವರಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಹೊರಡುವ ಎರಡು ತಿಂಗಳ ಮೊದಲು ಸ್ಟೇಷನ್ ಹತ್ತಿರದ ಇಂಡಿಯನ್ ಅಂಗಡಿಗೆ ಹೋಗಿದ್ದಾಗ ಇವರ ಬಲಗಾಲಿನ ಚಪ್ಪಲಿ ಬೇಳೆ ಮೂಟೆಗಳ ಹತ್ತಿರವೇ ಉಳಿದುಬಿಟ್ಟಿತ್ತು. ಇವರು ಬಿಲ್ ಕೊಡುವಲ್ಲಿ ನಿಂತಿದ್ದರು.

"ನಿಮ್ಮ ಚಪ್ಪಲಿ ಎಲ್ಲಿ?" ಎಂದು ಕೇಳಿದೆ.

"ಕಾಲಲ್ಲಿ ಉಂಟಲ್ಲ, ಮಾರಾಯ್ತಿ," ಎಂದರು. ಆಮೇಲೆ ಕೆಳಗೆ ನೋಡಿಕೊಂಡರು.

ಮನೆಯಲ್ಲಿ ನಾವು ಆಡುವುದು ತುಳು. ಓದುವವರಿಗೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಪ್ಪಲಿಯ ಸಂಗತಿ ಕೇಳಿದ ಡಾಕ್ಟರು, ಕಾಲಿನ ಸ್ಪರ್ಶ ಪರೀಕ್ಷೆ ಮಾಡಿಸಿಕೊಳ್ಳಿ, ಅಲ್ಲಿಯವರೆಗೆ ದೂರ ಕಾರು ಓಡಿಸಬೇಡಿ ಎಂದಿದ್ದರು. ಇವರು ಆ ಪರೀಕ್ಷೆಯನ್ನು ಪ್ರಯಾಣ ಮುಗಿದ ಮೇಲಿನ ವಾರಕ್ಕೆ ಹಾಕಿಸಿಕೊಂಡರು. ಸ್ಮಿತಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. "ಅವಳಿಗೆ ಹೇಳಬೇಡ, ಕೀ ಕಸಿದುಕೊಳ್ತಾಳೆ," ಎಂದರು. ನಾನು ಹೇಳಲಿಲ್ಲ. ಮ್ಯಾಕ್ವೆರಿ ಪಾರ್ಕಿನ ಆಫೀಸಿಗೆ ದಿನವೂ ನಾನೇ ಕಾರಿನಲ್ಲಿ ಹೋಗಿಬರುತ್ತೇನೆ, ಅಗತ್ಯ ಬಿದ್ದರೆ ಸ್ಟೀರಿಂಗ್ ಹಿಡಿದರಾಯಿತು ಎಂದುಕೊಂಡೆ. ಕಾರು ಇವರಿಗೆ ಎಷ್ಟು ಬೇಕು ಎಂಬುದೂ ನನಗೆ ಗೊತ್ತಿತ್ತು. ವಾರವಿಡೀ ಕಂಪ್ಯೂಟರಿನ ಮುಂದೆ ಕೂತು ಬಂದ ಮನುಷ್ಯ, ಭಾನುವಾರ ಬೆಳಿಗ್ಗೆ ಆ ಕಾರಿನಲ್ಲಿ ಒಂದು ಸುತ್ತು ಹೋಗಿ ಬಂದರೆ ಮಾತಾಡಿಸಲು ಸಿಗುತ್ತಿದ್ದರು.

ಗೌಲ್ಬರ್ನ್‌ನಲ್ಲಿ ಕಾಫಿ ಕುಡಿದೆವು. ಕ್ಯಾನ್‌ಬೆರಾ ದಾಟಿದ ಮೇಲೆ ಹುಲ್ಲು ಬೂದು ಬಣ್ಣಕ್ಕೆ ತಿರುಗಿತು, ಮರ ಕಡಿಮೆಯಾಯಿತು. ಹನ್ನೆರಡು ಗಂಟೆಗೆ ಕೂಮಾ ಎಂಬ ಊರು. ಅಲ್ಲಿಂದ ಮುಂದೆ ಹಿಮದ ಸೀಮೆ. ಚಕ್ರಕ್ಕೆ ಕಟ್ಟುವ ಸರಪಳಿ ಕಾರಿನಲ್ಲಿ ಇಲ್ಲದಿದ್ದರೆ ದಂಡ. ಮೂವತ್ತು ಡಾಲರಿಗೆ ಬಾಡಿಗೆ ತೆಗೆದುಕೊಂಡೆವು. ಅಂಗಡಿಯ ಮುದುಕ ನಮ್ಮ ಕಾರಿಗೆ ಒಂದು ಸುತ್ತು ಬಂದು ನೋಡಿದ.

"ಇದರಲ್ಲಿ ಬೆಟ್ಟ ದಾಟುತ್ತೀರಾ?" ಎಂದು ಕೇಳಿದ.

"ಹೌದು. ಭಾರಕ್ಕೆ ಹಿಂದೆ ಅಕ್ಕಿ ಮೂಟೆ ಹಾಕಿದ್ದೇವೆ," ಎಂದರು ಇವರು, ಡಿಕ್ಕಿ ತೆರೆದು ತೋರಿಸಿ.

ಅವನು ಮೂಟೆಯನ್ನು ತಟ್ಟಿ ನಕ್ಕ. "ನಾವು ಮರಳು ಹಾಕುತ್ತೇವೆ. ಇದು ವಾಸಿ, ಸಿಕ್ಕಿಬಿದ್ದರೆ ಬೇಯಿಸಿಕೊಂಡು ತಿನ್ನಬಹುದು."

ನಂತರ ನನಗೂ ಕೇಳುವಂತೆ ನಿಧಾನವಾಗಿ ವಿವರಿಸಿದ. ಸಾಮಾನ್ಯ ಮನೆಯ ಕಾರನ್ನು ಮುಂದಿನ ಚಕ್ರ ಎಳೆಯುತ್ತದೆ, ಇದನ್ನು ಹಿಂದಿನ ಚಕ್ರ ತಳ್ಳುತ್ತದೆ. ಆದ್ದರಿಂದ ಸರಪಳಿ ಹಿಂದಿನ ಚಕ್ರಕ್ಕೇ ಕಟ್ಟಬೇಕು. ಮಂಜುಗಡ್ಡೆಯ ಮೇಲೆ ಆಕ್ಸಿಲರೇಟರ್ ಒಂದಿಷ್ಟು ಜಾಸ್ತಿ ಒತ್ತಿದರೆ ಬಾಲ ಪಕ್ಕಕ್ಕೆ ಬಂದು ಕಾರು ತಿರುಗಿಬಿಡುತ್ತದೆ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹೆಪ್ಪುಗಟ್ಟುತ್ತದೆ, ಗೇರಿನಲ್ಲೇ ನಿಲ್ಲಿಸಿ. ಬಿಳಿ ಹಿಮಕ್ಕಿಂತ ನೆರಳಿನಲ್ಲಿ ಹೊಳೆಯುವ ಕಪ್ಪು ರಸ್ತೆಯನ್ನು ನೋಡಿಕೊಳ್ಳಿ, ಅಲ್ಲಿ ಕಣ್ಣಿಗೆ ಕಾಣದ ಮಂಜುಗಡ್ಡೆ ಇರುತ್ತದೆ. "ಎಲ್ಲ ಇರುವುದು ಬಲಗಾಲಿನಲ್ಲಿ," ಎಂದ ಕೊನೆಗೆ. ನಾನು ಇವರ ಮುಖ ನೋಡಿದೆ. ಇವರು ಸರಪಳಿಯ ಪೆಟ್ಟಿಗೆ ಎತ್ತಿಡುವುದರಲ್ಲಿದ್ದರು.

ಜಿಂಡಬೈನ್ ತಲುಪಿದಾಗ ಮೂರು ಗಂಟೆ. ಕೆರೆಯ ಎದುರಿನ ಮೋಟೆಲ್‌ನಲ್ಲಿ ರೂಮು. ಸಂಜೆ ಐದಕ್ಕೆಲ್ಲ ಸೊನ್ನೆ ಡಿಗ್ರಿಗೆ ಇಳಿಯಿತು. ನಾನು ಬಿಸಿನೀರಿನಲ್ಲಿ ಸ್ನಾನ ಮುಗಿಸಿ ಹೊರಬಂದಾಗ ಇವರು ಕುರ್ಚಿಯಲ್ಲಿ ಕೂತು ಟಿವಿಯಲ್ಲಿ ಹವಾಮಾನ ನೋಡುತ್ತಿದ್ದರು. ಎರಡೂ ಪಾದಗಳನ್ನು ಗೋಡೆಯ ಹೀಟರಿನ ಜಾಲರಿಗೆ ಆನಿಸಿದ್ದರು.

"ಬಿಸಿ ಆಗುವುದಿಲ್ವಾ?"

"ಹದ ಉಂಟು."

ನಾನು ಬಗ್ಗಿ ಜಾಲರಿ ಮುಟ್ಟಿದೆ. ದೋಸೆ ಕಾವಲಿ ಮುಟ್ಟಿದವಳಂತೆ ಕೈ ಹಿಂದಕ್ಕೆ ಬಂತು. ಇವರ ಎರಡೂ ಕಾಲನ್ನು ಹಿಡಿದು ಪಕ್ಕಕ್ಕೆ ಇಟ್ಟೆ. ಎಡಗಾಲು ಕೆಂಪಾಗಿತ್ತು, ಬಲಗಾಲು ಇನ್ನೂ ಕೆಂಪಾಗಿತ್ತು. ಇವರು ಅದನ್ನು ಬೇರೆ ಯಾರದೋ ಕಾಲು ಎಂಬಂತೆ ನೋಡಿದರು. ಟವೆಲ್ ಒದ್ದೆ ಮಾಡಿ ಸುತ್ತಿದೆ.

ಶುಕ್ರವಾರ ಬೆಳಿಗ್ಗೆ ಮೈನಸ್ ಐದು. ಕಾರಿನಲ್ಲಿ ಬಿಟ್ಟಿದ್ದ ಮೊಸರನ್ನದ ಡಬ್ಬಿ ಕಲ್ಲಾಗಿತ್ತು. ಬಾಗಿಲಿನ ರಬ್ಬರು ಅಂಟಿಕೊಂಡು, ಇಬ್ಬರೂ ಸೇರಿ ಎಳೆದ ಮೇಲೆ ಬಿಟ್ಟಿತು. ಗಾಜಿನ ಮೇಲಿನ ಮಂಜುಗಡ್ಡೆಯನ್ನು ನನ್ನ ಲೈಬ್ರರಿ ಕಾರ್ಡಿನಲ್ಲಿ ಹೆರೆದೆ. ಇವರ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಎಂಟಾಣೆ ಅಗಲದ ನೀರುಗುಳ್ಳೆ ಎದ್ದಿತ್ತು.

"ಇವತ್ತು ನಾನು ಓಡಿಸ್ತೇನೆ," ಎಂದೆ.

"ನೀನು ಹಿಮದಲ್ಲಿ ಓಡಿಸಿದ್ದುಂಟಾ?"

"ನೀವು ಓಡಿಸಿದ್ದುಂಟಾ?"

"ಅದಕ್ಕೇ ಅಲ್ವಾ ಬಂದದ್ದು," ಎಂದು ಗುಳ್ಳೆಯ ಮೇಲೆ ಕಾಲುಚೀಲ ಎಳೆದುಕೊಂಡರು. "ಘಾಟಿ ತುದಿವರೆಗೆ ನಾನು. ಆಮೇಲೆ ಕೆಳಗೆ ಇಳಿಸುವುದು ನೀನು. ಆಯ್ತಲ್ಲ?"

ಆಗಲೇ ಕೀ ತೆಗೆದುಕೊಳ್ಳಬೇಕಿತ್ತು. ತೆಗೆದುಕೊಳ್ಳಲಿಲ್ಲ. ನನ್ನ ಡೈರಿಯ ಆ ದಿನದ ಪುಟದಲ್ಲಿ ಹೊರಟ ಸಮಯ, ಪೆಟ್ರೋಲ್ ಮುಳ್ಳು, ಮೀಟರಿನ ಅಂಕಿ ಎಲ್ಲವನ್ನೂ ಬರೆದುಕೊಂಡಿದ್ದೇನೆ. ಗುಳ್ಳೆಯ ವಿಷಯ ಬರೆದಿಲ್ಲ. ಬರೆದರೆ ಅದು ನಿಜವಾಗಿಬಿಡುತ್ತದೆ ಎಂದು ಅನ್ನಿಸಿತ್ತೋ ಏನೋ.

ತ್ರೆಡ್ಬೋ ಊರಿನವರೆಗೆ ಮೂವತ್ತೈದು ಕಿಲೋಮೀಟರ್ ದಾರಿ ಚೆನ್ನಾಗಿತ್ತು. ಇಕ್ಕೆಲದಲ್ಲಿ ಮೊಣಕಾಲುದ್ದ ಹಿಮ, ಬೂದಿ ಬಳಿದಂಥ ಮರಗಳು, ರಸ್ತೆ ಮಾತ್ರ ಗುಡಿಸಿಟ್ಟಂತೆ ಕಪ್ಪು. ಸ್ಕೀ ಹೊತ್ತ ದೊಡ್ಡ ಗಾಡಿಗಳ ನಡುವೆ ನಮ್ಮದು ಆಟಿಕೆಯಂತಿತ್ತು. ಸರಪಳಿ ಜೊತೆಗಿರಲಿ ಎಂದಷ್ಟೇ ಬೋರ್ಡು ಹೇಳುತ್ತಿತ್ತು, ಕಟ್ಟಿ ಎಂದಿರಲಿಲ್ಲ. ಊರು ದಾಟಿ ಡೆಡ್ ಹಾರ್ಸ್ ಗ್ಯಾಪ್ ಎಂಬ ಘಾಟಿಯ ತುದಿಗೆ ಇನ್ನೈದು ಕಿಲೋಮೀಟರ್. ಎರಡನೆಯ ಗೇರಿನಲ್ಲಿ ಏರುತ್ತಿದ್ದೆವು. ಇವರು ಸಣ್ಣಗೆ ನಗುತ್ತಿದ್ದರು. ಹಿಂದಿನ ಚಕ್ರ ಬೆನ್ನಿನ ಹಿಂದೆ ನಿಂತು ತಳ್ಳುವುದು ನನಗೂ ತಿಳಿಯುತ್ತಿತ್ತು; ನಿಜವಾಗಿ ಚೆಂದವಾಗಿತ್ತು.

ತುದಿಗೆ ಸ್ವಲ್ಪ ಮುಂಚೆ ಒಂದು ಎಡ ತಿರುವು. ಗುಡ್ಡದ ನೆರಳು ರಸ್ತೆಯ ಮೇಲೆ ಬಿದ್ದಿತ್ತು, ಆ ನೆರಳಿನಲ್ಲಿ ರಸ್ತೆ ಹೊಳೆಯುತ್ತಿತ್ತು. "ನಿಧಾನ" ಎಂದೆ. "ಬಿಟ್ಟಿದ್ದೇನೆ," ಎಂದರು. ಆದರೆ ಎಂಜಿನ್ನಿನ ಸದ್ದು ಇಳಿಯಲಿಲ್ಲ, ಏರಿತು. ಹಿಂದಿನಿಂದ ಯಾರೋ ಕಾರನ್ನು ಬಲಕ್ಕೆ ದೂಡಿದಂತಾಯಿತು. ಮುಂದಿನ ಗಾಜಿನಲ್ಲಿ ಮೊದಲು ಗುಡ್ಡ ಬಂತು, ಆಮೇಲೆ ಆಕಾಶ, ಆಮೇಲೆ ನಾವು ಬಂದ ದಾರಿ. ಮೆತ್ತಗೆ ದಪ್ಪನೆ ಸದ್ದಾಗಿ ನಿಂತಿತು. ಹಿಂಭಾಗ ರಸ್ತೆಯಂಚಿನ ಹಿಮದ ದಿಬ್ಬದಲ್ಲಿ ಹೂತಿತ್ತು, ಮೂತಿ ಸಿಡ್ನಿಯ ಕಡೆಗೆ. ಆ ದಿಬ್ಬ ತಡೆಯದಿದ್ದರೆ ಎಲ್ಲಿಗೆ ಬೀಳುತ್ತಿದ್ದೆವೆಂದು ಇಳಿದು ನೋಡಿದೆ. ಬಹಳ ಕೆಳಗೆ ಮರದ ತುದಿಗಳು ಕಂಡವು.

ವಾಪಸು ಬಂದು ಕೂತೆ. ಇವರು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದೇ ಇದ್ದರು.

"ಏನಾದ್ರೂ ಪೆಟ್ಟಾಯ್ತಾ?"

"ಇಲ್ಲ," ಎಂದರು. "ಕಾಲು ತೆಗೆದೆ ಅಂತಲೇ ಎಣಿಸಿದ್ದೆ. ಕೆಳಗೆ ನೋಡಿದ್ರೆ ಪೆಡಲಿನ ಮೇಲೆಯೇ ಉಂಟು."

"ಯಾವಾಗಿಂದ ಹೀಗೆ?"

"ಮಳೆಗಾಲಕ್ಕೂ ಮುಂಚಿನಿಂದ," ಎಂದರು. ಸಿಡ್ನಿಯಲ್ಲಿ ಮಳೆಗಾಲ ಎಂಬುದಿಲ್ಲ. ಗಾಬರಿಯಾದಾಗ ಇವರ ಲೆಕ್ಕ ಊರಿನದು. "ಬರಿಗಾಲಲ್ಲಿ ಓಡಿಸಿದ್ರೆ ಸ್ವಲ್ಪವಾದರೂ ಗೊತ್ತಾಗ್ತದೆ ಅಂತ ಇದ್ದೆ. ಪೂಜೆ, ಮರ್ಯಾದೆ ಎಲ್ಲ ಮೊದಲಿಗೆ ಹೌದು. ಈಗ ಅದಲ್ಲ."

ಭಕ್ತಿ ಎಂದು ನಾನು ನಂಬಿದ್ದು, ನೆಂಟರ ಮುಂದೆ ಹೇಳಿ ನಕ್ಕದ್ದು, ಈಚೆಗೆ ಭಕ್ತಿಯಾಗಿರಲಿಲ್ಲ. ನನಗೆ ಕೋಪ ಬರಬೇಕಿತ್ತು. ಬಂದದ್ದು ಬೇರೇನೋ; ಹೆಸರು ಗೊತ್ತಿಲ್ಲ.

ಹಿಮ ತಳ್ಳುವ ಹಳದಿ ಗಾಡಿಯೊಂದು ಬಂದು ನಮ್ಮ ಮುಂದೆ ನಿಂತಿತು. ಚಾಲಕ ಹಗ್ಗ ಕಟ್ಟಿ ಎಳೆದು ಕಾರನ್ನು ರಸ್ತೆಗೆ ತಂದ, ಸರಪಳಿ ಕಟ್ಟುವವರೆಗೆ ದೀಪ ಹಾಕಿಕೊಂಡು ಕಾವಲು ನಿಂತ. ಬೂಟು ಹಾಕಿಕೊಳ್ಳಿ ಎಂದೆ, ಹಾಕಿಕೊಂಡರು. ಹಿಮದಲ್ಲಿ ಮಂಡಿಯೂರಿ ಹಿಂದಿನ ಎರಡು ಚಕ್ರಕ್ಕೂ ಇವರೇ ಸರಪಳಿ ಕಟ್ಟಿದರು. ಕೈಗೆ ಏನೂ ಆಗಿರಲಿಲ್ಲ. ಕೊಕ್ಕೆಗಳನ್ನು ಒಂದೊಂದೇ ಎಳೆದು ನೋಡಿ, ಎರಡು ಸಲ ಬಿಗಿ ಮಾಡಿದರು. ಎದ್ದು ನಿಂತು, ಎಡಗಡೆಯ ಬಾಗಿಲಿಗೆ ಹೋಗಿ ಕೂತರು. ನಾನು ಸ್ಟೀರಿಂಗ್ ಹಿಡಿದು ಕಾರನ್ನು ಮತ್ತೆ ಘಾಟಿಯ ಕಡೆಗೆ ತಿರುಗಿಸಿದೆ.

ಘಾಟಿಯಿಂದ ಇಳಿಯುವುದು ಏರುವುದಕ್ಕಿಂತ ಕಷ್ಟ. ಮೊದಲನೆಯ ಗೇರು, ಬ್ರೇಕಿಗೆ ಬೆಣ್ಣೆ ಮುಟ್ಟಿದಷ್ಟೇ ಒತ್ತು. ಸರಪಳಿ ಅಡಿಯಲ್ಲಿ ಕಟಕಟ ಎನ್ನುತ್ತಿತ್ತು. "ಆಚೆ ತಿರುವಿನಲ್ಲಿ ನೆರಳು ಉಂಟು," "ಈಗ ಬಿಡು," "ಹಾಂ, ಹೀಗೇ" ಎಂದು ಇವರು ಹೇಳುತ್ತ ಬಂದರು. ಒಂದು ಕಡೆ ಬಾಲ ನನಗೂ ಜಾರಿತು. ಕಾಲು ಅದರಷ್ಟಕ್ಕೆ ಪೆಡಲಿನಿಂದ ಮೇಲೆದ್ದಿತು. ಕಾಲು ಹೀಗೆ ಕೇಳದೆಯೇ ಕೆಲಸ ಮಾಡುತ್ತದೆಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಟಾಮ್ ಗ್ರಾಗಿನ್ ಎಂಬಲ್ಲಿ ಹಿಮ ಮುಗಿದು ಹಸಿರು ಹುಲ್ಲು, ಅದರ ಮೇಲೆ ಕಾಂಗರೂಗಳು. ಸರಪಳಿ ಬಿಚ್ಚಿದೆವು. ಖಾನ್‌ಕೋಬನ್‌ನಲ್ಲಿ ಒಂದು ಗಂಟೆಗೆ ಪುಳಿಯೋಗರೆ ತಿಂದೆವು, ಬಿಸಿಲಿಗಿಟ್ಟ ಮೊಸರನ್ನವೂ ಅಷ್ಟರಲ್ಲಿ ಕರಗಿತ್ತು. ಅಲ್ಲಿಂದ ಮರ್ರೆ ನದಿ ದಾಟಿ, ಕೊರಿಯಾಂಗ್ ಮೇಲಿಂದ ಹೆದ್ದಾರಿ ಸೇರಿ, ಬಾಕ್ಸ್ ಹಿಲ್ ತಲುಪಿದಾಗ ಏಳೂವರೆ.

ಸ್ಮಿತಾ ಫ್ಲಾಟಿನಿಂದ ಇಳಿದು ಬಂದಳು. ನಾನು ಸ್ಟೀರಿಂಗ್ ಬದಿಯಿಂದ ಇಳಿದದ್ದನ್ನು ನೋಡಿ, "ಅಮ್ಮ, ಯು ಡ್ರೋವ್ ದಿಸ್?" ಎಂದಳು. ಇವರು ಅಕ್ಕಿ ಮೂಟೆಗೆ ಕೈಹಾಕಿದವರು ಬಿಟ್ಟು, "ನನ್ನ ಕಾಲಿಗೆ ಸ್ಪರ್ಶ ಇಲ್ಲ, ಮಗಾ. ನಿನ್ನಮ್ಮನಿಗೆ ಬೈಬೇಡ, ಹೇಳಬೇಡ ಅಂದದ್ದು ನಾನು," ಎಂದರು. ಅಲ್ಲಿ ರಸ್ತೆಯಲ್ಲೇ.

ಊಟವಾದ ಮೇಲೆ ಅವಳು ತಂದೆಯ ಕಾಲನ್ನು ಮಡಿಲಲ್ಲಿಟ್ಟುಕೊಂಡು, ಗುಳ್ಳೆಗೆ ಬ್ಯಾಂಡೇಜ್ ಹಾಕಿ, ಸ್ಪರ್ಶ ಪರೀಕ್ಷೆಗೆಂದು ಒಂದು ನೈಲಾನ್ ಎಳೆ ತೆಗೆದಳು. "ಅಪ್ಪ, ಕ್ಲೋಸ್ ಯುವರ್ ಐಸ್. ಮುಟ್ಟಿದಾಗ ಯೆಸ್ ಅನ್ನು." ಎಡಗಾಲಿನಲ್ಲಿ ಅಲ್ಲಲ್ಲಿ ಯೆಸ್ ಬಂತು. ಬಲಗಾಲಿನಲ್ಲಿ ಅವಳು ಬೆರಳು, ಅಂಚು, ನಡು, ಹಿಮ್ಮಡಿ ಎಲ್ಲ ಮುಟ್ಟಿದಳು. ಇವರು ಕಣ್ಣು ಮುಚ್ಚಿ ಕಾಯುತ್ತಿದ್ದರು. "ಶುರು ಮಾಡು," ಎಂದರು. ಅವಳು ಮುಖ ನನ್ನ ಕಡೆ ತಿರುಗಿಸಿದಳು, ಕೈ ಮಾತ್ರ ಮುಟ್ಟುತ್ತಲೇ ಇತ್ತು. "ಮುಗೀತು ಅಪ್ಪ," ಎಂದಳು ಆಮೇಲೆ.

ಶನಿವಾರ ಎಲ್ಲಿಗೂ ಹೋಗಲಿಲ್ಲ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಮಳೆ. ಡಾಕ್ಟರು ಹೇಳುವವರೆಗೆ ಓಡಿಸುವುದಿಲ್ಲವೆಂದು ಇವರಿಂದ ಮಾತು ತೆಗೆದುಕೊಂಡೇ ಮಗಳು ನಮ್ಮನ್ನು ಬಿಟ್ಟಳು.

ಭಾನುವಾರ ಆರಕ್ಕೆ ಹೊರಟು ನೇರ ಹೆದ್ದಾರಿಯಲ್ಲಿ ಮರಳಿದೆವು. ಅಷ್ಟುದ್ದಕ್ಕೂ ನಾನೇ ಓಡಿಸಿದೆ, ಮೂರು ಕಡೆ ನಿಲ್ಲಿಸಿದೆ. ಆಲ್ಬರಿ ದಾಟಿದ ಮೇಲೆ ಬಲಕ್ಕೆ, ಬಹಳ ದೂರದಲ್ಲಿ, ಬೆಟ್ಟಸಾಲಿನ ಮೇಲೆ ಒಂದು ಬಿಳಿ ಗೆರೆ ಕಂಡಿತು. ಇಬ್ಬರೂ ನೋಡಿದೆವು. ಪೆಂಡಲ್ ಹಿಲ್ ತಲುಪಿದಾಗ ಐದೂವರೆ, ಇನ್ನೂ ಸ್ವಲ್ಪ ಬೆಳಕಿತ್ತು.

ನಮ್ಮ ಗರಾಜು ಕಿರಿದು. ಕಾರನ್ನು ಹಿಮ್ಮುಖವಾಗಿ ಹಾಕುವುದು ಯಾವತ್ತೂ ಇವರೇ. "ಒಳಗೆ ನಾನು ಹಾಕ್ತೇನೆ. ಇದಕ್ಕೆ ಎಂತ ಡಾಕ್ಟರು," ಎಂದರು. ನಾನು ಇಳಿದು ಕೀ ಅದರಲ್ಲೇ ಬಿಟ್ಟು ಪೋಸ್ಟ್ ಡಬ್ಬಿಯ ಹತ್ತಿರ ನಿಂತೆ. ಈ ಸಲ ಬೇಡವೆನ್ನಬೇಕೆಂದು ಬಾಯಿಯವರೆಗೆ ಬಂದಿತ್ತು. ಇವರು ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡಿದರು. ಸ್ಟೀರಿಂಗ್ ಮೇಲೆ ಕೈಯಿಟ್ಟರು. ಬಗ್ಗಿ ಕೆಳಗೆ ಕಾಲನ್ನು ನೋಡಿದರು. ಪಕ್ಕದ ಮನೆಯವರ ಕಾರು ಬಂದು, ನಿಂತು, ಅವರು ಸಾಮಾನು ಇಳಿಸಿಕೊಂಡು ಒಳಗೆ ಹೋದರು. ಇವರು ಇನ್ನೂ ಕೀ ತಿರುಗಿಸಿರಲಿಲ್ಲ.

ಬಾಗಿಲು ತೆರೆದು ಇಳಿದು ಬಂದರು. "ನೀನೇ ಹಾಕು. ಎಡಗಡೆ ಗೋಡೆ ಹತ್ತಿರ ಉಂಟು, ನೋಡಿಕೊ."

ನಾನು ಕೂತು ರಿವರ್ಸ್ ಹಾಕಿದೆ. ಕನ್ನಡಿಯಲ್ಲಿ ಇವರು ಗರಾಜಿನ ಒಳಗೆ, ಗೋಡೆಯ ಪಕ್ಕ ನಿಂತದ್ದು ಕಂಡಿತು. ಬಲಗೈ ಎತ್ತಿ, ಬೆರಳು ಮಡಚುತ್ತ ಕರೆದರು. "ಬರ್ಲಿ... ಬರ್ಲಿ... ಇನ್ನೂ ಬರ್ಲಿ."