ಅಮೀನಸಾಬನ ರೇಡಿಯೋ

ತಿಕೋಟಾದ ಚಹಾದಂಗಡಿ ಅಮೀನಸಾಬನಿಗೆ ರೇಡಿಯೋ ಎಂದರೆ ಪಂಚಪ್ರಾಣ. ದೇಶಕ್ಕೆಲ್ಲ ಹಾಡು ಹಂಚುತ್ತಿದ್ದ ಸ್ಟೇಷನ್ನು ಮೆರೆಯುತ್ತಿದ್ದಾಗ ಕಾರ್ಡು ಬರೆದು ಹಾಡು ಹಾಕಿಸುತ್ತಿದ್ದ. ಹಾಡಿಗೆ ಮೊದಲು ಕಾರ್ಡು ಬರೆದವರ ಹೆಸರು ಓದುವಾಗ ಹಾಲು ಉಕ್ಕಿ ಒಲೆ ಆರಿದರೂ ಏಳುತ್ತಿರಲಿಲ್ಲ. ಹೆಂಡತಿ ಜುಲೇಖಾ ತೀರಿಕೊಂಡ ಮೇಲೂ ಕಾರ್ಡಿನಲ್ಲಿ ಅವಳ ಹೆಸರೇ ಮೊದಲು. ಆಮೇಲೆ ಒಂದು ದಿನ ಆ ಸ್ಟೇಷನ್ನು ಮುಚ್ಚಿತು. ಅವನು ಮಾತ್ರ ರೇಡಿಯೋದ ಮುಳ್ಳು ಕದಲಿಸಲಿಲ್ಲ. ಸಂಜೆಯಾದರೆ ಬರೀ ಗೊರಗೊರಕ್ಕೆ ಕಿವಿಯಿಟ್ಟು, "ಗಪ್ ಕೂಡ್ರಿ, ಹೆಸರು ಓದಾಕತ್ತಾರ," ಎಂದು ತಾನೇ ಒಂದೊಂದಾಗಿ ಹೇಳುತ್ತಾನೆ: ಜುಲೇಖಾ, ಕನಮಡಿಯ ಬೋರವ್ವ, ಕಂಡಕ್ಟರ್ ದಾದಾಸಾಬ. ಎಲ್ಲರೂ ಮಣ್ಣು ಸೇರಿದವರು. ದಿನಾ ಬರುವ ಸಂಗಣ್ಣನಿಗೆ ಅದನ್ನು ಕೇಳಿ ನಗು. ನಿನ್ನೆ ಅಮೀನಸಾಬ ಅವನ ಕೈಗೆ ಚಹಾ ಕೊಟ್ಟು, ಮದುವೆಮನೆಯವನಂತೆ ಹಿಗ್ಗಿ, ಹೆಗಲು ತಟ್ಟಿದ: "ಸಂಗಣ್ಣ, ಇವತ್ತ ನಿಂದೂ ಓದಿದ್ರು ನೋಡಪಾ."